ಅಮ್ಮನ ಜೊತೆ ಕ್ಯೋಟೋಗೆ ಹೊರಟ ಗೆಳೆಯನಿಗೆ

ಗೆಳೆಯಾ,

ಅಮ್ಮನನ್ನು ಕರ್ಕೊಂಡು ಜಪಾನಿನ ಕ್ಯೋಟೋಗೆ ಹೋಗ್ತೀನಿ ಅಂತ ಬರೆದಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು ಕಣೋ. ದಿನಕ್ಕೆ ಎಷ್ಟು ದುಡ್ಡು ಬೇಕು ಅಂತ ಕೇಳಿದ್ದೀಯ. ವಿಮಾನ, ರೂಮು ಬಿಟ್ಟು ಒಬ್ಬರಿಗೆ 6,000 ಯೆನ್ ಇಟ್ಟುಕೋ. ನೂರು ಯೆನ್‌ಗೆ 60 ರೂಪಾಯಿ ಅಂತ ಹಿಡಿದರೆ 3,600 ರೂಪಾಯಿ.

ಅದರಲ್ಲಿ 3,000 ಯೆನ್ ಊಟಕ್ಕೇ ಬೇಕು. ಆ ದುಡ್ಡಿಗೆ ಮಾತ್ರ ಕೈ ಹಾಕಬೇಡ. ಅಲ್ಲಿ ಅಗ್ಗವಾಗಿ ಹೊಟ್ಟೆ ತುಂಬುವುದು ಉದೋನ್, ಸೋಬಾ ಅನ್ನುವ ನೂಡಲ್ಸ್ ಅಂಗಡಿಗಳಲ್ಲಿ, ಆದರೆ ಬಟ್ಟಲಲ್ಲಿ ಬರೀ ತರಕಾರಿ ಕಂಡರೂ ಅದರ ಸಾರಿಗೆ ಸಾಮಾನ್ಯವಾಗಿ ಒಣಮೀನು ಕುದಿಸಿ ತೆಗೆದ ದಾಶಿ ಹಾಕಿರುತ್ತಾರೆ. ಅಮ್ಮ ತಿನ್ನಲ್ಲ ಅಲ್ವಾ? ಹಾಗಾಗಿ ದಿನಕ್ಕೊಂದು ಊಟವನ್ನಾದರೂ ಇಂಡಿಯನ್ ಹೋಟೆಲಲ್ಲೋ ವೀಗನ್ ಹೋಟೆಲಲ್ಲೋ ಕೂತು ಮಾಡಬೇಕಾಗುತ್ತದೆ, ಅದಕ್ಕೆ 1,500 ಯೆನ್ ಹಿಡಿ. ಬೆಳಿಗ್ಗೆಗೆ ಬಾಳೆಹಣ್ಣು, ಜೊತೆಗೆ ಉಮೆಬೋಶಿ ಒಳಗಿಟ್ಟ ಒನಿಗಿರಿ, ಅಂದ್ರೆ ಅನ್ನದ ಉಂಡೆ. ಉಮೆಬೋಶಿ ಅಂದ್ರೆ ಉಪ್ಪು ಹಾಕಿದ ಪ್ಲಮ್ ಹಣ್ಣು, ನಮ್ಮ ಉಪ್ಪಿನಕಾಯಿ ಥರ ಹುಳಿ ಹುಳಿಯಾಗಿರುತ್ತದೆ, ಅಮ್ಮನಿಗೆ ಹಿಡಿಸಬಹುದು. ಅದರಲ್ಲೂ ಕೆಲವಕ್ಕೆ ಮೀನಿನ ರುಚಿ ಸೇರಿಸಿರುತ್ತಾರೆ, ಫೋನ್ ಕ್ಯಾಮೆರಾ ಹಿಡಿದು ಪ್ಯಾಕೆಟ್ ಹಿಂದೆ ಓದಿಯೇ ತಗೋ. ಅವಲಕ್ಕಿ, ಚಟ್ನಿಪುಡಿ ಮನೆಯಿಂದಲೇ ಒಯ್ಯಿ.

ಓಡಾಟಕ್ಕೆ 1,100. ಊರೊಳಗೆ ಸಿಟಿ ಬಸ್ ಎಲ್ಲಿ ಹತ್ತಿ ಎಲ್ಲಿ ಇಳಿದರೂ 230 ಯೆನ್. ಬಸ್ಸು, ಸಬ್‌ವೇ ಎರಡಕ್ಕೂ ಆಗುವ ಒಂದು ದಿನದ ಪಾಸ್ 1,100. ನಾಲ್ಕು ಸಲ ಬಸ್ ಹತ್ತಿದರೆ 920, ಐದು ಸಲಕ್ಕೆ 1,150. ಅಂದ್ರೆ ಐದು ಸಲ ಹತ್ತುವ ದಿನ ಮಾತ್ರ ಪಾಸ್. ನಾನು ಮೊದಲ ದಿನವೇ ಪಾಸ್ ತಗೊಂಡೆ, ತಗೊಂಡಿದ್ದಕ್ಕೆ ಸುಮ್ನೆ ಬಿಡಬಾರದು ಅಂತ ಪಡುವಣದ ಅರಾಶಿಯಾಮಾ ಬಿದಿರು ತೋಪು, ಬಡಗಣದ ಕಿಂಕಾಕುಜಿ ದೇವಾಲಯ, ಮೂಡಣದ ಕಿಯೋಮಿಜು ದೇವಾಲಯ ಮೂರನ್ನೂ ಒಂದೇ ದಿನ ಹಿಡಿದೆ. ಅರ್ಧ ದಿನ ಬಸ್ಸಲ್ಲಿ ನಿಂತೇ ಕಳೆಯಿತು. ನೀನು ದಿನಕ್ಕೊಂದೇ ದಿಕ್ಕು ಇಟ್ಟುಕೋ. ಅಮ್ಮನಿಗೆ ಇಕೋಕಾ ಕಾರ್ಡ್ ಮಾಡಿಸು, ಮೊದಲೇ ದುಡ್ಡು ತುಂಬಿಸಿಟ್ಟು ಬಸ್ಸು, ರೈಲಲ್ಲಿ ತೋರಿಸುವ ಕಾರ್ಡ್ ಅದು. 2,000 ಯೆನ್ ಕೊಟ್ಟರೆ 500 ಡೆಪಾಸಿಟ್, 1,500 ಬಳಸಬಹುದು. ಬಸ್ಸಿಗೆ ಹಿಂದಿನ ಬಾಗಿಲಲ್ಲಿ ಹತ್ತಬೇಕು, ದುಡ್ಡು ಕೊಡುವುದು ಇಳಿಯುವಾಗ, ಡ್ರೈವರ್ ಪಕ್ಕದ ಡಬ್ಬಿಗೆ. ಅದು ಚಿಲ್ಲರೆ ವಾಪಸ್ ಕೊಡಲ್ಲ. ಹಿಂದೆ ಜನ ಕಾಯುತ್ತಿರುವಾಗ ಅಮ್ಮ ಅಂಗೈ ಮೇಲೆ ನಾಣ್ಯ ಹರಡಿಕೊಂಡು ಯಾವುದು ಐವತ್ತು, ಯಾವುದು ನೂರು ಅಂತ ಹುಡುಕುವ ಹಾಗಾಗಬಾರದು.

ಟಿಕೆಟ್‌ಗಳಿಗೆ 1,000 ಸಾಕು. ಕಿಂಕಾಕುಜಿಗೆ 500, ಕಿಯೋಮಿಜುಗೆ 500. ಬೆಟ್ಟದ ಮೇಲಿನ ಫುಶಿಮಿ ಇನಾರಿ ದೇಗುಲಕ್ಕೆ ಟಿಕೆಟ್ಟೇ ಇಲ್ಲ, ಹಗಲು ರಾತ್ರಿ ತೆರೆದೇ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಮೊದಲೇ ಹೋಗು. ಬೆಟ್ಟ ಪೂರ್ತಿ ಸುತ್ತಲು ಎರಡು ಮೂರು ಗಂಟೆ ಬೇಕು, ಬರೀ ಮೆಟ್ಟಿಲು. ಆದರೆ ಕೆಂಪು ಕಮಾನುಗಳು ಒತ್ತೊತ್ತಾಗಿ ನಿಂತಿರುವ ದಾರಿ ಶುರುವಿನಲ್ಲೇ ಸಿಗುತ್ತದೆ. ಅಷ್ಟು ದೂರ ಅಮ್ಮ ಆರಾಮಾಗಿ ನಡೆಯುತ್ತಾರೆ.

ಉಳಿದ 900 ಖರ್ಚು ಮಾಡಬೇಡ. ಇಬ್ಬರದ್ದೂ ಸೇರಿ ದಿನಕ್ಕೆ 1,800 ಆಗುತ್ತದೆ, ಅದು ಟ್ಯಾಕ್ಸಿಗೆ. ಕಿಯೋಮಿಜು ಏರು ಹತ್ತಿ ಇಳಿದ ಮೇಲೆ ಅಮ್ಮನ ಮಂಡಿ ನೋಯುತ್ತದೆ, ಆಗ ಬಸ್ ಕ್ಯೂನಲ್ಲಿ ನಿಲ್ಲಿಸಬೇಡ.

ರೂಮು ಯಾವ ಸ್ಟೇಷನ್ ಹತ್ತಿರ ಅಂತ ಕಳಿಸು. ಯಾವ ದಿನ ಯಾವ ದಿಕ್ಕಿಗೆ ಅಂತ ಭಾನುವಾರ ಫೋನಲ್ಲಿ ಕೂತು ಹಾಕೋಣ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ