ಮಗಳಿಗೊಂದು ಪತ್ರ: ಮನೆ ಕಾರವಾರದಲ್ಲಿ, ಕೆಲಸ ಪಣಜಿಯಲ್ಲಿ

ಕಾರವಾರ
ಜನವರಿ 2026

ಪ್ರೀತಿಯ ಪುಟ್ಟಿ,

ಬ್ಯಾಂಕು ಬಿಟ್ಟು ಗೋವಾದ ಕ್ಯಾಸಿನೊಗಳಲ್ಲಿ ದುಡ್ಡಿಗೆ ಪೋಕರ್ ಅನ್ನುವ ಇಸ್ಪೀಟಾಟ ಆಡುತ್ತಿದ್ದೇನೆ ಅಂದಾಗಿನಿಂದ ನಿನ್ನ ಪ್ರಶ್ನೆ ಮುಗಿದಿಲ್ಲ. ನೀನು ಕೇಳಿದ್ದಕ್ಕೆಲ್ಲ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವುದರೊಳಗೆ ನಿಂದು ಇನ್ನೊಂದು ಪ್ರಶ್ನೆ ಬಂದಿರುತ್ತೆ. ಕೊನೆಗೆ "ಅಮ್ಮಾ, ನಿಂಗೆ ತಲೆ ಕೆಟ್ಟಿದೆ" ಅಂತ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಅಡ್ಡ ಬಾಯಿ ಹಾಕೋಕೆ ಆಗಲ್ಲ ಅಲ್ವಾ.

ಮೊದಲು ಕಾರವಾರದ ವಿಷಯ. "ಆಡೋದು ಗೋವಾದಲ್ಲಿ, ಮನೆ ಯಾಕೆ ಅಲ್ಲಿ?" ಅಂದೆಯಲ್ಲ. ಗೋವಾದ ನಿವಾಸಿಗಳನ್ನು ಅಲ್ಲಿನ ಕ್ಯಾಸಿನೊಗಳಲ್ಲಿ ಆಡಲು ಬಿಡುವುದಿಲ್ಲ. 2020ರ ಫೆಬ್ರವರಿಯಿಂದ ಆ ನಿಯಮ ಇದೆ. ಹೊರಗಿನವರು ಆಡಬಹುದು, ಊರಿನವರು ಆಡಬಾರದು. ಸರ್ಕಾರಕ್ಕೆ ತೆರಿಗೆಯೂ ಬೇಕು, ಮನೆ ಮಕ್ಕಳೂ ಕೆಡಬಾರದು. ನೆರೆಮನೆಯವರು ಕೆಟ್ಟರೆ ಪರವಾಗಿಲ್ಲ! ನಾನು ಪಣಜಿಯಲ್ಲಿ ಮನೆ ಮಾಡಿ ಅಲ್ಲಿಯವಳೇ ಆಗಿಬಿಟ್ಟರೆ ನನ್ನ ಕೆಲಸದ ಬಾಗಿಲು ನನಗೇ ಮುಚ್ಚುತ್ತದೆ. ಕಾರವಾರವಾದರೆ ನಮ್ಮ ರಾಜ್ಯವೇ. ಕಾಳಿ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಗೋವಾ ಗಡಿ. ಪಣಜಿ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಗುರುವಾರ ಮಡಗಾಂವ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಗೋವಾ ಸರ್ಕಾರದ ಕದಂಬ ಬಸ್ಸು ಹಿಡಿಯುತ್ತೇನೆ. ಸೋಮವಾರ ವಾಪಸ್. ನಡುವೆ ಲಾಡ್ಜು. ಗುರುವಾರದಿಂದ ಭಾನುವಾರ ಯಾಕೆ ಅಂದರೆ, ಟೂರಿಸ್ಟುಗಳು ಬರೋದು ಆಗ. ವಾರದ ಮಧ್ಯೆ ಟೇಬಲ್‌ನಲ್ಲಿ ಕೂರುವವರೆಲ್ಲ ನನ್ನಂಥವರೇ. ನಾವು ನಾವೇ ಆಡಿಕೊಂಡರೆ ಲಾಭ ಕ್ಯಾಸಿನೊದವನಿಗೆ ಮಾತ್ರ.

ಕಾನೂನಿನ ಪ್ರಶ್ನೆ. ಗೋವಾದ ಜೂಜು ಕಾಯಿದೆ 1976ರದ್ದು. ಆಮೇಲೆ ತಿದ್ದುಪಡಿ ತಂದು ಪಂಚತಾರಾ ಹೋಟೆಲಿನಲ್ಲೂ ನೀರಿನ ಮೇಲಿನ ಹಡಗಿನಲ್ಲೂ ಆಡಲು ಅವಕಾಶ ಕೊಟ್ಟರು. ಮಾಂಡೋವಿ ನದಿಯಲ್ಲಿ ಆ ಹಡಗುಗಳು ನಿಂತಿವೆ. ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಇಪ್ಪತ್ತೊಂದು ತುಂಬಿರಬೇಕು. ನನಗೆ ಐವತ್ತೆರಡು. ಗೇಟಿನ ಹುಡುಗ ಮೊದಲ ಸಲ ನನ್ನ ಹಿಂದೆ ಇಣುಕಿ ನೋಡಿದ, ಜೊತೆಗೆ ಯಾರಾದರೂ ಇದ್ದಾರಾ ಅಂತ.

ಆನ್‌ಲೈನ್ ಪೋಕರ್‌ನ ಕತೆಯೇ ಬೇರೆ. ಲಾಕ್‌ಡೌನಿನಲ್ಲಿ ಕಲಿತು, ಊಟದ ಪಾತ್ರೆ ತೊಳೆದಿಟ್ಟ ಮೇಲೆ ರಾತ್ರಿ ಒಂದೆರಡು ತಾಸು ಆಡುತ್ತಿದ್ದೆ. ನೀನು ಅದನ್ನು ಕ್ಯಾಂಡಿ ಕ್ರಷ್ ಅಂದುಕೊಂಡಿದ್ದೆ, ನಾನೂ ತಿದ್ದಲಿಲ್ಲ. 2021ರಲ್ಲಿ ನಮ್ಮ ರಾಜ್ಯವೇ ಅದನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯಿದೆ ಬಂತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೂ ಬೇಡ ಅಂತ. ಒಂದೇ ವಾರದಲ್ಲಿ ಎಲ್ಲ ಬಂದ್. ಆ ಕಾಯಿದೆಯಿಂದ ಎಷ್ಟೋ ಮನೆ ಉಳಿದಿರಬಹುದು, ನಾನು ಅದನ್ನು ಬೈಯೋದಿಲ್ಲ. ನನ್ನ ಪಾಲಿಗೆ ಮಾತ್ರ, ಎದುರಿಗೆ ಮುಖ ನೋಡಿಕೊಂಡು ಆಡುವ ಟೇಬಲ್ ಒಂದೇ ಉಳಿಯಿತು.

ನಿನ್ನ ನಿಜವಾದ ಭಯ ಕಾನೂನಿನದ್ದಲ್ಲ, ಸಣ್ಣಮಾವನದ್ದು. ಗೊತ್ತು. ಅಡಿಕೆ ಮಾರಿದ ದುಡ್ಡು ಮನೆಗೆ ಬರುವ ಮೊದಲೇ ಅಂದರ್-ಬಾಹರ್‌ಗೆ ಹೋಗುತ್ತಿತ್ತು. ಅತ್ತೆಯ ಬಳೆ ಹೋಯಿತು, ಕೆಳಗಿನ ತೋಟ ಹೋಯಿತು. ಆದರೆ ಅಂದರ್-ಬಾಹರ್‌ನಲ್ಲಿ ಆಡುವವನು ಮಾಡುವುದೇನೂ ಇಲ್ಲ. ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ನೋಡುತ್ತಾ ಕೂರೋದು, ಅಷ್ಟೇ. ಹಡಗಿನ ಮೇಲಿನ ಮಹಡಿಯಲ್ಲಿ ತಿರುಗುವ ರೂಲೆಟ್ ಚಕ್ರವೂ ಹಾಗೇ. ಅದರಲ್ಲಿ 37 ಮನೆ ಇದ್ದರೆ ಗೆದ್ದವನಿಗೆ 36ರ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಆ ಒಂದು ಮನೆಯೇ ಅವರ ಹೊಟ್ಟೆಪಾಡು. ಪೋಕರ್‌ನಲ್ಲಿ ನಾನು ಆಡೋದು ಕ್ಯಾಸಿನೊ ವಿರುದ್ಧ ಅಲ್ಲ, ಎದುರಿಗೆ ಕೂತವರ ವಿರುದ್ಧ. ಕ್ಯಾಸಿನೊ ಪ್ರತಿ ಆಟದಲ್ಲೂ ತನ್ನ ಪಾಲು ಎತ್ತಿಕೊಳ್ಳುತ್ತದೆ, ಅದಕ್ಕೆ ರೇಕ್ ಅನ್ನುತ್ತಾರೆ. ಆ ರೇಕ್ ಕೊಟ್ಟ ಮೇಲೂ ಉಳಿಯುವಷ್ಟು ಚೆನ್ನಾಗಿ ಆಡಬೇಕು. ಬಹಳ ಜನರಿಗೆ ಅದು ಆಗೋದಿಲ್ಲ.

ನಿನ್ನ ದೊಡ್ಡಮ್ಮ ಫೋನ್ ಮಾಡಿ ಧರ್ಮರಾಯನ ಕತೆ ಹೇಳಿದಳು. ಧರ್ಮರಾಯನಿಗೆ ಜೂಜಿನ ಹುಚ್ಚಿತ್ತು ನಿಜ. ಆದರೆ ಶಕುನಿ ಇರುವ ಟೇಬಲ್‌ಗೆ ಯಾರಾದರೂ ಹೋಗಿ ಕೂರ್ತಾರಾ? ಅದೂ ಅವನದೇ ದಾಳ ಹಿಡಿದು? ಒಂದಿಷ್ಟು ಸೋತ ಮೇಲೆ ಎದ್ದು ಬರುತ್ತೇನೆ ಅನ್ನುವ ಮಿತಿಯನ್ನೂ ಹಾಕಿಕೊಂಡಿರಲಿಲ್ಲ. ಇದನ್ನೇ ಹೇಳಿದೆ. ದೊಡ್ಡಮ್ಮ ಈಗ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.

ಈಗ ಯಾಕೆ ಅನ್ನೋದು. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ನಾನು ಮಾಡಿದ ಕೆಲಸ ನಿನಗೆ ಗೊತ್ತು. ಎದುರಿಗೆ ಒಬ್ಬ ಕೂತಿರುತ್ತಾನೆ. ಕಾಗದ ಒಂದು ಹೇಳುತ್ತೆ, ಮುಖ ಒಂದು ಹೇಳುತ್ತೆ. ಕೊಡಬೇಕೋ ಬೇಡವೋ ಅಂತ ನಾನು ನೋಟ್ ಬರೆಯಬೇಕು. ನನ್ನ ಅಂದಾಜು ಎಷ್ಟೋ ಸಲ ಸರಿಯಾಗಿರುತ್ತಿತ್ತು. ಆದರೆ "ಬೇಡ" ಅಂತ ಬರೆದ ಫೈಲು ಮೇಲೆ ಹೋಗಿ "ಮಂಜೂರು" ಅಂತ ಬರುತ್ತಿತ್ತು. ಎರಡು ವರ್ಷ ಕಳೆದು ಆ ಸಾಲ ಮುಳುಗಿದಾಗ ವಿವರಣೆ ಕೇಳುತ್ತಿದ್ದದ್ದು ನನ್ನನ್ನು. ಸ್ವಯಂ ನಿವೃತ್ತಿ ತೆಗೆದುಕೊಂಡದ್ದು ಸುಸ್ತಾಗಿ ಅಂತ ಎಲ್ಲರಿಗೂ ಹೇಳಿದ್ದೇನೆ. ಸುಸ್ತು ಆಗಿರಲಿಲ್ಲ. ನಾನು ತೆಗೆದುಕೊಂಡ ನಿರ್ಧಾರದ ಮೇಲೆ ಇನ್ನೊಬ್ಬರ ಸಹಿ ಬೀಳಬಾರದು ಅನ್ನಿಸಿತ್ತು. ಪೋಕರ್ ಟೇಬಲ್‌ನಲ್ಲಿ ಮೇಲಧಿಕಾರಿ ಇಲ್ಲ. ಸರಿಯಾದರೂ ನಂದು, ತಪ್ಪಾದರೂ ನಂದು.

ಒಂದು ಆಟ ಹೇಳುತ್ತೇನೆ. ಪ್ರತಿಯೊಬ್ಬರ ಕೈಗೂ ಗುಟ್ಟಾಗಿ ಎರಡು ಎಲೆ, ಟೇಬಲ್ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎರಡನ್ನೂ ಸೇರಿಸಿ ಯಾರದ್ದು ದೊಡ್ಡದೋ ಅವರಿಗೆ ನಡುವಿನ ದುಡ್ಡು. ಹೋದ ತಿಂಗಳು, ಶನಿವಾರ ರಾತ್ರಿ. ನನ್ನ ಕೈಗೆ ಎರಡು ರಾಣಿ ಬಂದವು, ಆಟೀನು ಮತ್ತು ಕಳಾವರ್. ಒಳ್ಳೆ ಎಲೆ. ನಾನು 700ಕ್ಕೆ ಏರಿಸಿದೆ. ಎಲ್ಲರೂ ಬಿಟ್ಟರು, ಬಿಳಿ ಅಂಗಿಯ ಒಬ್ಬ ಮಾತ್ರ ಉಳಿದ. ಸಂಜೆಯಿಂದ ಬಾಯಿಗೆ ಬಿಡುವೇ ಕೊಡದ ಮನುಷ್ಯ. "ಆಂಟಿ, ಮನೆಯಲ್ಲಿ ಅಂಕಲ್‌ಗೆ ಗೊತ್ತಾ?" ಅಂತ ಎರಡು ಸಲ ಕೇಳಿದ್ದ. ನಡುವೆ ಮೂರು ಎಲೆ ತೆರೆದರು: ರಾಜ, ಏಳು, ಎರಡು. ನಾನು 900 ಇಟ್ಟೆ, ಅವನೂ ಇಟ್ಟ. ನಾಲ್ಕನೆಯದು ನಾಲ್ಕು. ಇಬ್ಬರೂ ಸುಮ್ಮನಿದ್ದೆವು. ಕೊನೆಯದು ಒಂಬತ್ತು. ಬಿಟ್ಟವರು ಮೊದಲೇ ಇಟ್ಟದ್ದೂ ಸೇರಿ ನಡುವೆ ಮೂರೂವರೆ ಸಾವಿರ ಇತ್ತು. ಅವನು ನಾಲ್ಕು ಸಾವಿರ ತಳ್ಳಿದ. ಮಾತು ನಿಂತುಹೋಗಿತ್ತು. ಚಿಪ್ಸ್, ಅಂದರೆ ದುಡ್ಡಿನ ಬದಲಿನ ಬಿಲ್ಲೆ, ಬಿಟ್ಟ ಕೈಯ ಬೆರಳು ಸಣ್ಣಗೆ ನಡುಗುತ್ತಿತ್ತು. ಕೈ ನಡುಗಿದರೆ ಹೆದರಿದ್ದಾನೆ, ಸುಳ್ಳು ಹೇಳುತ್ತಿದ್ದಾನೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಬಹಳ ಸಲ ಉಲ್ಟಾ. ದೊಡ್ಡ ಎಲೆ ಹಿಡಿದವರಿಗೇ ಕೈ ನಡುಗೋದು. ಎರಡೂ ರಾಣಿಯರನ್ನು ಕವುಚಿ ಡೀಲರ್ ಕಡೆಗೆ ತಳ್ಳಿದೆ. ಅವನಿಗೆ ತಡೆಯಲಾಗಲಿಲ್ಲ, ತೋರಿಸಿದ. ಕೈಯಲ್ಲಿ ಎರಡು ಏಳು, ಟೇಬಲ್ ನಡುವೆ ಒಂದು. ಮೂರು ಏಳರ ಮುಂದೆ ನನ್ನ ಎರಡು ರಾಣಿ ಸಣ್ಣದು. ಅವನು ತೋರಿಸದೆ ಹೋಗಿದ್ದರೂ ನನಗೆ ಬೇಜಾರಿರಲಿಲ್ಲ. ಬಿಡುವುದೇ ಈ ಕೆಲಸದ ಮುಕ್ಕಾಲು ಭಾಗ. ಗಂಟೆಗೆ ಇಪ್ಪತ್ತೈದು, ಮೂವತ್ತು ಆಟ ಹಂಚುತ್ತಾರೆ. ನಾನು ಕೈ ಹಾಕೋದು ಐದಾರಕ್ಕೆ. ಉಳಿದ ಹೊತ್ತು ನೀರು ಕುಡಿಯುತ್ತಾ ಬೇರೆಯವರನ್ನು ನೋಡುತ್ತಾ ಕೂರೋದು. ನೀನು ಅಂದುಕೊಂಡಂತೆ ಥ್ರಿಲ್ಲು ಗಿಲ್ಲು ಏನೂ ಇಲ್ಲ.

ಸರಿಯಾಗಿ ಆಡಿದರೂ ಸೋಲುತ್ತೇವೆ, ಅದೂ ಇದೆ. ಎಕ್ಕದ ಜೋಡಿ ಹಿಡಿದು ರಾಜನ ಜೋಡಿಯ ಎದುರು, ನಡುವಿನ ಎಲೆ ತೆರೆಯುವ ಮೊದಲೇ ಎಲ್ಲ ದುಡ್ಡು ಹಾಕಿದರೆ 100ಕ್ಕೆ 82 ಸಲ ಗೆಲುವು. ಉಳಿದ ಸಲ ನೋಡನೋಡುತ್ತಾ ಹೋಗುತ್ತೆ. ಅಂಥವು ಸಾಲಾಗಿ ಬಂದರೆ ತಿಂಗಳುಗಟ್ಟಲೆ ಸೋಲಬಹುದು. ಅದಕ್ಕೇ ಆಡುವ ದುಡ್ಡು ಬೇರೆ, ಬದುಕುವ ದುಡ್ಡು ಬೇರೆ ಇರಬೇಕು. ಅಮೆರಿಕದಲ್ಲಿ ಸ್ಟು ಉಂಗರ್ ಅಂತ ಒಬ್ಬನಿದ್ದ. ಲಾಸ್ ವೇಗಾಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯವನ್ನು ಮೂರು ಸಲ ಗೆದ್ದವನು, ಕೊನೆಯದು 1997ರಲ್ಲಿ. ಮಾರನೇ ವರ್ಷ ಒಂದು ಅಗ್ಗದ ಮೋಟೆಲ್ ರೂಮಿನಲ್ಲಿ ಸತ್ತು ಸಿಕ್ಕಿದ. ಡ್ರಗ್ಸ್, ಕುದುರೆ ಜೂಜು, ಕೈಯಲ್ಲಿ ದುಡ್ಡೇ ಇರಲಿಲ್ಲ. ಎಲ್ಲರೂ ಹೇಳೋದು ಕ್ರಿಸ್ ಮನಿಮೇಕರ್ ಕತೆ. 2003ರಲ್ಲಿ 86 ಡಾಲರಿನ ಆನ್‌ಲೈನ್ ಪಂದ್ಯದಿಂದ ಹೊರಟು 25 ಲಕ್ಷ ಡಾಲರ್ ಗೆದ್ದ ಅಕೌಂಟೆಂಟ್. ನಾನು ಲೆಕ್ಕದವಳು, ನನಗೆ ಉಂಗರ್ ಕತೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಇನ್ನು ದುಡ್ಡು. ಇದನ್ನು ನಿನಗೆ ಬಿಡಿಸಿ ಹೇಳಲೇಬೇಕು. ನಾನು ಕೂರುವುದು 100-200ರ ಟೇಬಲ್‌ನಲ್ಲಿ. ಅಂದರೆ ಪ್ರತಿ ಆಟಕ್ಕೂ ಎಲೆ ನೋಡುವ ಮೊದಲೇ ಒಬ್ಬರು 100, ಇನ್ನೊಬ್ಬರು 200 ಇಡಬೇಕು. ಆ 200ಕ್ಕೆ ಬಿಗ್ ಬ್ಲೈಂಡ್ ಅನ್ನುತ್ತಾರೆ. ಗಂಟೆಗೆ ಐದು ಬಿಗ್ ಬ್ಲೈಂಡ್ ಗೆದ್ದರೆ ಒಳ್ಳೆ ಆಟ ಅಂತ ಲೆಕ್ಕ, ಅಂದರೆ 1000 ರೂಪಾಯಿ. ವಾರಕ್ಕೆ 25 ಗಂಟೆ ಕೂತರೆ ತಿಂಗಳಿಗೆ ಸುಮಾರು ಒಂದು ಲಕ್ಷ. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ತೆರಿಗೆ ನೋಡು. ಆಟದಲ್ಲಿ ಗೆದ್ದ ದುಡ್ಡಿಗೆ ನೇರ 30%, ಅದರ ಮೇಲೆ ಸೆಸ್. ಸೋತದ್ದನ್ನು ಕಳೆಯುವಂತಿಲ್ಲ, ಖರ್ಚೂ ಕಳೆಯುವಂತಿಲ್ಲ. ಒಂದು ತಿಂಗಳು ಗೆದ್ದ ರಾತ್ರಿಗಳಲ್ಲಿ ಎರಡು ಲಕ್ಷ ಬಂತು, ಸೋತ ರಾತ್ರಿಗಳಲ್ಲಿ ಒಂದು ಲಕ್ಷ ಹೋಯಿತು ಅಂದುಕೋ. ಉಳಿದದ್ದು ಒಂದು ಲಕ್ಷ. ತೆರಿಗೆ ಮಾತ್ರ ಎರಡು ಲಕ್ಷದ ಮೇಲೆ: 62,400. ಕೈಗೆ 37,600. ಲಾಡ್ಜು, ಬಸ್ಸು, ಊಟ ತೆಗೆದರೆ ಬ್ಯಾಂಕಿಗೆ ಹೊಸದಾಗಿ ಸೇರಿದ ಗುಮಾಸ್ತನ ಸಂಬಳವೂ ಆಗೋದಿಲ್ಲ. ಸಾಲದ್ದಕ್ಕೆ 2025ರ ಸೆಪ್ಟೆಂಬರ್‌ನಿಂದ ಕ್ಯಾಸಿನೊ ಮೇಲಿನ ಜಿಎಸ್‌ಟಿ 28ರಿಂದ 40%ಗೆ ಏರಿದೆ. ಅದನ್ನು ಕ್ಯಾಸಿನೊದವರು ತಮ್ಮ ಜೇಬಿನಿಂದ ಕಟ್ಟುತ್ತಾರೆ ಅಂತ ನಾನು ನಂಬಿಲ್ಲ.

ನಮ್ಮ ಸಿ.ಎ. ಇದೆಲ್ಲ ಹೇಳಿ, "ಮೇಡಂ, ಟ್ಯೂಷನ್ ಶುರು ಮಾಡಿ" ಅಂದ. ಅವನು ಹೇಳಿದ್ದು ಸರಿ. ಗೊತ್ತಿದ್ದೇ ಬಂದಿದ್ದೇನೆ. ಪೆನ್ಶನ್ ಇದೆ, ಮನೆ ಖರ್ಚು ಅದರಲ್ಲಿ ನಡೆಯುತ್ತೆ. ನಿವೃತ್ತಿಯಲ್ಲಿ ಬಂದ ದುಡ್ಡಿನಲ್ಲಿ ಎಂಟು ಲಕ್ಷ ಮಾತ್ರ ಆಟಕ್ಕೆ. ಅದು ನಾಲ್ಕಕ್ಕೆ ಇಳಿದ ದಿನ ಮನೆ ಖಾಲಿ ಮಾಡಿ ಬೆಂಗಳೂರಿಗೆ ವಾಪಸ್. ಇಳಿಯದಿದ್ದರೂ ಒಂದು ವರ್ಷ ಮುಗಿದ ಮೇಲೆ ಕೂತು ಲೆಕ್ಕ ಹಾಕುತ್ತೇನೆ. ನಿಮ್ಮಪ್ಪ ಕೇಳಿದ್ದು ಎರಡೇ: ಮನೆ ಪತ್ರ ಮುಟ್ಟಬೇಡ, ನನ್ನ ಪಿಎಫ್ ಮುಟ್ಟಬೇಡ. ಪತ್ರ ಅವರ ಲಾಕರಿನಲ್ಲೇ ಇದೆ, ಪಿಎಫ್ ಅವರ ಹೆಸರಿನಲ್ಲೇ ಇದೆ. ರಜೆ ಸಿಕ್ಕಾಗ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬರುತ್ತಾರೆ. ಬಂದವರು ಆಟದ ಬಗ್ಗೆ ಒಂದು ಮಾತೂ ಕೇಳದೆ ಸೀದಾ ಮೀನು ಮಾರ್ಕೆಟ್ಟಿಗೆ ಹೋಗುತ್ತಾರೆ. ಬೆಂಗಳೂರಿನ ಬಂಗುಡೆ ಬಂಗುಡೆಯೇ ಅಲ್ಲ ಅನ್ನೋದು ಈಗ ಅವರ ಹೊಸ ಸಿದ್ಧಾಂತ.

ನೀನು ಕೇಳದೇ ಇದ್ದದ್ದು ಒಂದಿದೆ. ನಾನು ಗೆಲ್ಲುವ ದುಡ್ಡು ಯಾರದ್ದು? ಶೋಕಿಗೆ ಬಂದು ಐವತ್ತು ಸಾವಿರ ಕಳೆದು ನಗುತ್ತಾ ಹೋಗುವವರದ್ದಾದರೆ ನನಗೆ ನಿದ್ದೆ ಬರುತ್ತೆ. ಒಂದು ರಾತ್ರಿ ಪಕ್ಕದಲ್ಲಿ ನಿನ್ನ ವಯಸ್ಸಿನ ಹುಡುಗ ಕೂತಿದ್ದ. ಚಿಪ್ಸ್ ಮುಗಿದವು. ಫೋನ್ ತೆಗೆದ. ಮೊಣಕಾಲ ಮೇಲಿಟ್ಟುಕೊಂಡು ಸಾಲದ ಆ್ಯಪಿನಲ್ಲಿ ಪಾನ್ ನಂಬರ್ ಹೊಡೆಯುತ್ತಿದ್ದ. ನಾನು ಅಷ್ಟು ವರ್ಷ ಸಾಲದ ಅರ್ಜಿ ನೋಡಿದವಳು, ಓರೆಗಣ್ಣಿನಲ್ಲೇ ತಿಳಿಯಿತು. "ಬೇಡಪ್ಪಾ, ಮನೆಗೆ ಹೋಗು" ಅಂದೆ. "ನೀವು ಆಡಿ ಆಂಟಿ" ಅಂದ. ನಾನು ಎದ್ದು ಬಂದೆ. ನಾನು ಬಿಟ್ಟ ಕುರ್ಚಿಗೆ ಅರ್ಧ ನಿಮಿಷದಲ್ಲಿ ಇನ್ನೊಬ್ಬ ಬಂದು ಕೂತ. ಆ ಹುಡುಗನಿಗೆ ನಾನು ಎದ್ದು ಬಂದದ್ದರಿಂದ ನಯಾಪೈಸೆ ಉಳಿಯಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈ ಕೆಲಸ ನಾನು ಬಿಟ್ಟರೆ ಅಂಥದ್ದೊಂದು ರಾತ್ರಿಯಿಂದ ಬಿಡುತ್ತೇನೆಯೇ ಹೊರತು, ತೆರಿಗೆಗೆ ಹೆದರಿ ಅಲ್ಲ.

ನಿನ್ನ ಅತ್ತೆ ಮನೆಯವರಿಗೆ ಏನು ಹೇಳಲಿ ಅಂದೆಯಲ್ಲ. ಇದ್ದದ್ದನ್ನೇ ಹೇಳು. "ಅಮ್ಮನಿಗೆ ಸಮುದ್ರದ ಗಾಳಿ ಬೇಕಿತ್ತು" ಅಂತೆಲ್ಲ ಕಟ್ಟಬೇಡ. ಆಮೇಲೆ ಅವರು ಒಂದು ವಾರ ಸಮುದ್ರ ನೋಡೋಕೆ ಅಂತ ಬಂದು ಕೂತರೆ ಗುರುವಾರ ನಾನು ಎಲ್ಲಿಗೆ ಹೋದೆ ಅಂತ ಯಾರು ಹೇಳೋದು? ನಿನ್ನ ಮಾವನವರಿಗೆ ರಮ್ಮಿ ಇಷ್ಟ, ಮದುವೆಯ ಹಿಂದಿನ ರಾತ್ರಿ ನೋಡಿದ್ದೇನೆ. ಅವರು ಅಷ್ಟೇನೂ ಗಾಬರಿ ಆಗಲಿಕ್ಕಿಲ್ಲ. ಅಂದಹಾಗೆ, ಅವರು ಜೋಕರ್ ಬಂದ ಕೂಡಲೇ ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ. ಹೇಳಬೇಡ.

ನಿನ್ನ ಮೇಲ್‌ಗೆ ಒಂದು ಶೀಟ್ ಕಳಿಸಿದ್ದೇನೆ. ಪ್ರತಿ ರಾತ್ರಿಯದ್ದೂ ಅದರಲ್ಲಿದೆ: ಕೂತ ಗಂಟೆ, ತಂದದ್ದು, ಕೊಂಡೊಯ್ದದ್ದು, ಲಾಡ್ಜು, ಬಸ್ಸು, ತೆರಿಗೆಗೆ ಎತ್ತಿಟ್ಟದ್ದು. ಸೋಮವಾರ ಸಂಜೆಯೊಳಗೆ ತುಂಬಿರುತ್ತೇನೆ. ಡಿಸೆಂಬರ್ ಕೆಂಪಾಗಿದೆ, ನೋಡಿ ಹೆದರಬೇಡ. ಒಟ್ಟು ಮೊತ್ತ ನಾಲ್ಕು ಲಕ್ಷಕ್ಕೆ ಬಂದರೆ ನಿನಗೂ ನಿಮ್ಮಪ್ಪನಿಗೂ ತಾನಾಗೇ ಮೇಲ್ ಬರುವ ಹಾಗೆ ಮಾಡಿಕೊಡು, ನನಗೆ ಆ ಸೆಟ್ಟಿಂಗು ಗೊತ್ತಾಗಲಿಲ್ಲ. ಶಿವರಾತ್ರಿಗೆ ಬರುವುದಾದರೆ ಈಗಲೇ ಟಿಕೆಟ್ ಮಾಡಿಸು, ಆಮೇಲೆ ಸಿಗಲ್ಲ. ಆ ವಾರ ನಾನು ಪಣಜಿಗೆ ಹೋಗುವುದಿಲ್ಲ.

ನಿನ್ನ,
ಅಮ್ಮ