ಡೈನೋಸಾರ್‌ಗಳು ಯಾಕೆ ಸತ್ತವು ಎಂದು ಮಗು ಕೇಳಿದರೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಐದನೇ ತರಗತಿಯಲ್ಲಿ ಈ ವಾರ ಜೋರು ವಾದ ನಡೆದಿದೆ. ಡೈನೋಸಾರ್‌ಗಳು ಸತ್ತದ್ದು ಆಕಾಶದಿಂದ ಬಿದ್ದ ಕಲ್ಲಿನಿಂದ ಎಂದು ಕೆಲವು ಮಕ್ಕಳು, ಅಲ್ಲ, ಜ್ವಾಲಾಮುಖಿಯಿಂದ ಎಂದು ಉಳಿದವರು. ಯಾವುದು ಸರಿ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದಿರಿ. ಅದಕ್ಕೇ ಈ ಪತ್ರ.

ಹೆಚ್ಚಿನ ವಿಜ್ಞಾನಿಗಳು ಒಪ್ಪುವುದು ಕಲ್ಲನ್ನೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಹತ್ತು ಕಿಲೋಮೀಟರ್ ಅಥವಾ ಅದಕ್ಕೂ ಜಾಸ್ತಿ ಅಗಲದ ಕ್ಷುದ್ರಗ್ರಹವೊಂದು ಈಗಿನ ಮೆಕ್ಸಿಕೋದ ಯುಕಟಾನ್ ಹತ್ತಿರ ಅಪ್ಪಳಿಸಿತು. ಮಗು ಇಷ್ಟು ಹೇಳಿ ಸುಮ್ಮನಾದರೆ ನೀವು ಇನ್ನೊಂದು ಮಾತು ಕೇಳಿ: "ನೋಡಿದವರು ಯಾರೂ ಇರಲಿಲ್ಲ ಅಲ್ವಾ? ಮತ್ತೆ ಹೇಗೆ ಗೊತ್ತಾಯಿತು?"

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಇಟಲಿಯ ಗುಬ್ಬಿಯೋದಲ್ಲಿ ಸುಣ್ಣದಕಲ್ಲಿನ ಪದರಗಳ ನಡುವೆ ಡೈನೋಸಾರ್‌ಗಳು ಅಳಿದ ಕಾಲದ್ದೇ ಆದ ಜೇಡಿಮಣ್ಣಿನ ಒಂದು ತೆಳು ಪದರವಿದೆ. ದಪ್ಪ ಸುಮಾರು ಒಂದು ಸೆಂಟಿಮೀಟರ್, ಅಷ್ಟೇ. ಅದು ಕೂಡಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಎಂದು ತಿಳಿಯಲು ಭೂವಿಜ್ಞಾನಿ ವಾಲ್ಟರ್ ಆಲ್ವರೆಜ್, ಅವರ ತಂದೆ ಲೂಯಿಸ್ ಮತ್ತು ಇಬ್ಬರು ಸಂಗಡಿಗರು ಅದರಲ್ಲಿನ ಇರಿಡಿಯಂ ಅಳೆದರು. ನೆಲದ ಮೇಲೆ ತೀರಾ ಅಪರೂಪದ ಈ ಲೋಹ ಅಲ್ಲಿ ಸುತ್ತಲಿನ ಕಲ್ಲಿಗಿಂತ ಸುಮಾರು 30 ಪಟ್ಟು ಇತ್ತು! ಬಾಹ್ಯಾಕಾಶದ ಕಲ್ಲುಗಳಲ್ಲಿ ಇರಿಡಿಯಂ ಧಾರಾಳ. 1980ರಲ್ಲಿ ಅವರು ಇದನ್ನು ಪ್ರಕಟಿಸಿದಾಗ "ಹಾಗಾದರೆ ಗುಂಡಿ ಎಲ್ಲಿದೆ?" ಎಂದು ಜನ ಕೇಳಿದರು. 1991ರಲ್ಲಿ ಅದಕ್ಕೂ ಉತ್ತರ ಬಂತು: ಯುಕಟಾನ್‌ನ ನೆಲದಡಿ ಹುದುಗಿದ್ದ, ಸುಮಾರು 180 ಕಿಲೋಮೀಟರ್ ಅಗಲದ ಚಿಕ್ಸುಲೂಬ್ ಕುಳಿ.

ಕಲ್ಲು ತಗುಲಿಯೇ ಎಲ್ಲವೂ ಸತ್ತವು ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ನಿಜವಾಗಿ ಕೊಂದದ್ದು ಕತ್ತಲು, ಚಳಿ, ಹಸಿವು. ಕ್ಷುದ್ರಗ್ರಹ ಬಿದ್ದ ಜಾಗದ ಬಂಡೆಗಳಲ್ಲಿ ಗಂಧಕ ಜಾಸ್ತಿ ಇತ್ತು. ಅದರ ಆವಿ, ದೂಳು, ಮಸಿ ಸೇರಿ ಬಿಸಿಲನ್ನು ಮುಚ್ಚಿದವು. ಗಿಡಗಳು ಸತ್ತವು, ಸೊಪ್ಪು ತಿನ್ನುವ ಪ್ರಾಣಿಗಳು ಸತ್ತವು, ಅವನ್ನು ತಿನ್ನುವವೂ ಸತ್ತವು. 2016ರಲ್ಲಿ ಆ ಕುಳಿಯನ್ನು ಕೊರೆದು ನೋಡಿದಾಗ, ಹೊಡೆತಕ್ಕೆ ಪುಡಿಯಾದ ಕಲ್ಲಿನಲ್ಲಿ ಇರಬೇಕಾಗಿದ್ದ ಗಂಧಕದ ಕಲ್ಲು ಹೆಚ್ಚುಕಡಿಮೆ ಇರಲೇ ಇಲ್ಲ. ಅದು ಆಕಾಶಕ್ಕೆ ಹೋಗಿತ್ತು.

ಜ್ವಾಲಾಮುಖಿ ಎಂದ ಮಗುವನ್ನು ದಯವಿಟ್ಟು ತಪ್ಪು ಎನ್ನಬೇಡಿ. ಭಾರತದ ದಖ್ಖನ್ ಪ್ರಸ್ಥಭೂಮಿಯಲ್ಲಿ ಕಲ್ಲು ಬೀಳುವ ಮೊದಲೂ ಆಮೇಲೂ ಲಕ್ಷಾಂತರ ವರ್ಷ ಲಾವಾ ಹರಿದಿದೆ. ಅದು ಜೀವಿಗಳನ್ನು ಎಷ್ಟು ಬಳಲಿಸಿತು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ.

ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಹಾಗಾದರೆ ಮೊಸಳೆ ಹೇಗೆ ಉಳಿಯಿತು ಮೇಡಂ?" ಎಷ್ಟು ಒಳ್ಳೆಯ ಪ್ರಶ್ನೆ! ಮೊಸಳೆ ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು. ಇನ್ನು ಹಕ್ಕಿಗಳು ಡೈನೋಸಾರ್‌ಗಳ ವಂಶವೇ. ಹಾಗಾಗಿ ಎಲ್ಲ ಡೈನೋಸಾರ್‌ಗಳೂ ಸತ್ತವು ಎನ್ನುವುದು ಪೂರ್ತಿ ಸರಿಯಲ್ಲ.

ಶುಕ್ರವಾರ ಮಕ್ಕಳು ತಮ್ಮ ತಮ್ಮ ವಾದವನ್ನು ತರಗತಿಯ ಮುಂದೆ ಹೇಳಲಿದ್ದಾರೆ. ಅದಕ್ಕೂ ಮೊದಲು ಒಂದು ಸಂಜೆ ಮನೆಯಲ್ಲಿ ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಚೀಟಿಯಲ್ಲಿ ಬರೆದು ಕಳಿಸಿ. ಅದನ್ನು ತರಗತಿಯಲ್ಲಿ ಎಲ್ಲರೂ ಸೇರಿ ಹುಡುಕುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ