ರಸಾಯನಶಾಸ್ತ್ರ ಕಲಿತಳು, ಅಂಕಪಟ್ಟಿಯಲ್ಲಿ ಮಾತ್ರ ಇಲ್ಲ

ಮಾನ್ಯರೇ,

ಎಲ್ಲರಿಗೂ ಒಂದೇ ಪಾಠಪಟ್ಟಿಯ ಬದಲು ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆಬೇರೆ ಕಲಿಕಾ ಯೋಜನೆ ರೂಪಿಸುವ ಹೈಸ್ಕೂಲುಗಳಿಗೆ ಅಮೆರಿಕದಲ್ಲಿರುವ ಕೆಲವು ಕನ್ನಡ ಕುಟುಂಬಗಳೂ ಮಕ್ಕಳನ್ನು ಸೇರಿಸುತ್ತಿವೆ. ನನ್ನ ಮಗಳು ಕ್ಯಾಲಿಫೋರ್ನಿಯಾದ ಅಂಥದೊಂದು ಶಾಲೆಯಲ್ಲಿ ಓದುತ್ತಿದ್ದಾಳೆ. ಅಲ್ಲಿನ ಕಲಿಕೆಯ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ದಾಖಲಿಸುವ ರೀತಿಯ ಬಗ್ಗೆ ಇದೆ.

ಹತ್ತನೆಯ ತರಗತಿಯಲ್ಲಿ ಅವಳು ವಾರಕ್ಕೆರಡು ದಿನ ನೀರಿನ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಕಲಿತಳು. ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಲು ಬ್ಯುರೆಟ್ಟಿನಿಂದ (ಅಳತೆಯ ಗುರುತುಗಳಿರುವ ಗಾಜಿನ ಕೊಳವೆ) ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ, ಪಿಷ್ಟದ ನೀಲಿ ಬಣ್ಣ ಮಾಯವಾಗುವ ಆ ಒಂದು ಹನಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ವರ್ಷದ ಕೊನೆಗೆ ಅಂಕಪಟ್ಟಿಯಲ್ಲಿ ಬಂದದ್ದು ‘ಸ್ವತಂತ್ರ ಅಧ್ಯಯನ’ ಎಂಬ ಎರಡು ಪದ. ರಸಾಯನಶಾಸ್ತ್ರದ ಕಾಲಂ ಖಾಲಿಯಾಗಿಯೇ ಉಳಿಯಿತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶಕ್ಕೆ ‘ಎ-ಜಿ’ ಎಂದು ಕರೆಯುವ 7 ವಿಷಯ ವಿಭಾಗಗಳಲ್ಲಿ ಒಟ್ಟು 15 ವಾರ್ಷಿಕ ಕೋರ್ಸುಗಳು, ಕನಿಷ್ಠ ‘ಸಿ’ ದರ್ಜೆಯೊಂದಿಗೆ ಆಗಿರಬೇಕು. ಅವುಗಳಲ್ಲಿ 11 ಹೈಸ್ಕೂಲಿನ ಕೊನೆಯ ವರ್ಷಕ್ಕೆ, ಅಂದರೆ ಹನ್ನೆರಡನೆಯ ತರಗತಿಗೆ, ಮೊದಲೇ ಮುಗಿದಿರಬೇಕು. ಇಂಗ್ಲಿಷ್ 4 ವರ್ಷ, ಗಣಿತ 3, ಪ್ರಯೋಗಾಲಯ ವಿಜ್ಞಾನ 2, ಹೀಗೆ ಲೆಕ್ಕ. ಈ ಲೆಕ್ಕ ಕಟ್ಟುನಿಟ್ಟಾದರೂ ಅಷ್ಟೇನೂ ಕುರುಡಲ್ಲ. ಶಾಲೆಯೇ ಹೊಸ ಕೋರ್ಸು ರೂಪಿಸಿ, ಅದರಲ್ಲಿ ಏನು ಕಲಿಸಲಾಗುತ್ತದೆ, ಯಾವ ಪ್ರಯೋಗಗಳು ನಡೆಯುತ್ತವೆ, ಹೇಗೆ ಮೌಲ್ಯಮಾಪನ ಮಾಡಲಾಗುತ್ತದೆ ಎಂದು ಬರೆದು ವಿಶ್ವವಿದ್ಯಾಲಯದ ಅನುಮೋದನೆಗೆ ಸಲ್ಲಿಸಬಹುದು. ನಮ್ಮ ಶಾಲೆ ಸಲ್ಲಿಸಿರಲಿಲ್ಲ. ‘ಪಟ್ಟಿಗಳಿಗಾಗಿ ಕಲಿಸುವವರಲ್ಲ ನಾವು’ ಎಂಬ ಹೆಮ್ಮೆ ಅವರದು. ಆ ಹೆಮ್ಮೆಯ ಬೆಲೆ ತೆತ್ತದ್ದು ಮಾತ್ರ ಹದಿನಾರರ ಹುಡುಗಿ.

ಕಲಿಕೆಯನ್ನು ಹೀಗೆ ಲೆಕ್ಕದಲ್ಲಿಡುವುದು ಹೊಸತಲ್ಲ. ತರಗತಿಯ ಗಂಟೆಗಳನ್ನು ಎಣಿಸಿ ಕಲಿಕೆಯನ್ನು ಅಳೆಯುವ ‘ಕಾರ್ನೆಗಿ ಯೂನಿಟ್’ ಎಂಬ ಮಾನದಂಡ ಅಮೆರಿಕದಲ್ಲಿ 1906ರ ಸುಮಾರಿಗೆ ರೂಪುಗೊಂಡದ್ದು. ಆ ಅಳತೆಗೋಲನ್ನು ಪಕ್ಕಕ್ಕಿಟ್ಟು ನೋಡಿದ ಉದಾಹರಣೆಯೂ ಇದೆ. 1930ರ ದಶಕದ ‘ಎಂಟು ವರ್ಷಗಳ ಅಧ್ಯಯನ’ದಲ್ಲಿ ಸುಮಾರು 30 ಶಾಲೆಗಳ ವಿದ್ಯಾರ್ಥಿಗಳಿಗಾಗಿ ಮುನ್ನೂರು ಕಾಲೇಜುಗಳು ಪ್ರವೇಶಕ್ಕೆ ಬೇಕಾದ ಕೋರ್ಸುಗಳ ನಿಯಮವನ್ನು ಸಡಿಲಿಸಿದವು. ಸಾಮಾನ್ಯ ಶಾಲೆಗಳಿಂದ ಬಂದವರೊಂದಿಗೆ 1,475 ಜೋಡಿಗಳಾಗಿ ಹೋಲಿಸಿದಾಗ, ಈ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಹಿಂದೆ ಬೀಳಲಿಲ್ಲ. ಆದರೆ ಅಲ್ಲಿ ಒಪ್ಪಂದ ಮೊದಲೇ ಆಗಿತ್ತು, ಕಲಿಕೆ ನಡೆದದ್ದು ಆಮೇಲೆ. ನಮ್ಮಲ್ಲಿ ಕಲಿಕೆ ಮುಗಿದ ಮೇಲೆ ಹೆಸರು ಹುಡುಕಲು ಹೊರಟೆವು.

ಆದ್ದರಿಂದ, ಕಲಿಕಾ ಯೋಜನೆಯ ಮೊದಲ ಸಭೆಯಲ್ಲೇ ‘ಇದು ಯಾವ ವಿಭಾಗಕ್ಕೆ ಸಲ್ಲುತ್ತದೆ, ಅನುಮೋದಿತ ಪಟ್ಟಿಯಲ್ಲಿ ಇದೆಯೇ’ ಎಂದು ಪೋಷಕರು ನೇರವಾಗಿ ಕೇಳಬೇಕು. ಇಲ್ಲವೆಂದಾದರೆ ಬೇರೆ ದಾರಿಗಳಿವೆ. ಸಮುದಾಯ ಕಾಲೇಜಿನಲ್ಲಿ (ಎರಡು ವರ್ಷಗಳ ಸ್ಥಳೀಯ ಸಾರ್ವಜನಿಕ ಕಾಲೇಜು) ವಿಶ್ವವಿದ್ಯಾಲಯ ಮಾನ್ಯ ಮಾಡುವ 3 ಸೆಮಿಸ್ಟರ್ ಯೂನಿಟ್ಟುಗಳ (ಕ್ರೆಡಿಟ್‌ಗಳ) ಒಂದು ಕೋರ್ಸು ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಮನೆಯಲ್ಲಿ ಮಾತನಾಡುವ ಕನ್ನಡ ತಾನಾಗಿಯೇ ‘ಎ-ಜಿ’ಯ ಇಂಗ್ಲಿಷೇತರ ಭಾಷಾ ವಿಭಾಗಕ್ಕೆ ಸಲ್ಲುವುದಿಲ್ಲ; ಆ ಪ್ರೌಢಿಮೆಗೆ ಅಧಿಕೃತ ದೃಢೀಕರಣ ಬೇಕು, ಅದನ್ನು ಪಡೆಯುವ ಬಗೆಯನ್ನು ಒಂಬತ್ತನೆಯ ತರಗತಿಯಲ್ಲೇ ಶಾಲೆಯ ಕೌನ್ಸೆಲರ್ ಬಳಿ ವಿಚಾರಿಸುವುದು ಒಳಿತು.

ಮಗಳು ಬೇಸಿಗೆ ರಜೆಯಲ್ಲಿ ಸಮುದಾಯ ಕಾಲೇಜಿನ ರಸಾಯನಶಾಸ್ತ್ರ ತರಗತಿಗೆ ಹೋಗಿ ಆ ಕಾಲಂ ತುಂಬಿಸಿಕೊಂಡಳು. ಅಲ್ಲಿ ಅವಳಿಗೆ ಬ್ಯುರೆಟ್ ಹಿಡಿಯುವುದನ್ನು ಇನ್ನೊಮ್ಮೆ ಕಲಿಸಿದರು. ನೀರಿನ ಯೋಜನೆಯನ್ನು ಪ್ರಯೋಗಾಲಯ ವಿಜ್ಞಾನದ ಕೋರ್ಸಾಗಿ ಅನುಮೋದನೆಗೆ ಕಳಿಸಲು ಶಾಲೆ ಈಗ ಒಪ್ಪಿದೆ. ಅದರ ಪ್ರಯೋಜನ ಅವಳಿಗಲ್ಲ, ಅವಳಿಗಿಂತ ಕೆಳಗಿನ ತರಗತಿಗಳ ಮಕ್ಕಳಿಗೆ.

– ಒಬ್ಬ ತಾಯಿ, ಕ್ಯಾಲಿಫೋರ್ನಿಯಾ